ಡೀಸೆಲ್ ಬಿಲ್ ಏರಿದಾಗ ಎಲ್ಲಿಂದ ಹುಡುಕಬೇಕು? ಕಂಪನಿ ಗಾಡಿಗಳಿಗೊಂದು ದೋಷ ನಿವಾರಣೆ ಕೈಪಿಡಿ

ತಿಂಗಳ ಡೀಸೆಲ್ ಬಿಲ್ ಏರಿದ ಕೂಡಲೇ ಆಫೀಸಿನಲ್ಲಿ ಏಳುವ ಮಾತು ಒಂದೇ: "ಡ್ರೈವರ್‌ಗಳು ಡೀಸೆಲ್ ಹೊಡೀಲಿಕತ್ತಾರ ನೋಡ್ರಿ." 2025ರ ಜುಲೈ ಬಿಲ್ ಬಂದಾಗ ನಮ್ಮಲ್ಲೂ ಅದೇ ಮಾತು ಎದ್ದಿತು. ನಾನೂ ಹೌದೇನೋ ಅಂದುಕೊಂಡೆ. ಒಬ್ಬ ಹಿರಿಯ ಚಾಲಕರನ್ನು ಕರೆದು, ಕೇಳಬಾರದ ರೀತಿಯಲ್ಲಿ ಕೇಳಿಯೂಬಿಟ್ಟೆ. ಮೂರು ವಾರ ಹುಡುಕಿದ ಮೇಲೆ ದೋಷ ಗಾಡಿಯಲ್ಲೇ ಸಿಕ್ಕಿತು. ಆ ದೋಷವನ್ನು ಅವರು ಜೂನ್ ತಿಂಗಳಲ್ಲೇ ನಮಗೆ ಹೇಳಿದ್ದರು. ನಾವು ಕಿವಿಗೆ ಹಾಕಿಕೊಂಡಿರಲಿಲ್ಲ.

ಹುಬ್ಬಳ್ಳಿಯಲ್ಲಿ ದಿನಸಿ ಸಾಮಾನು ಅಂಗಡಿಗಳಿಗೆ ಹಂಚುವ ಕಂಪನಿ ನಮ್ಮದು. ಗಾಡಿಗಳ ಉಸ್ತುವಾರಿ ನನ್ನದು. ಒಟ್ಟು 11 ಗಾಡಿ: ಊರೊಳಗೆ ಓಡಲು 6 ಟಾಟಾ ಏಸ್, ಧಾರವಾಡ, ಗದಗ, ಯಲ್ಲಾಪುರ, ಅಂಕೋಲಾ ಕಡೆಗೆ 3 ಪಿಕಪ್, ಬೆಳಗಾವಿ ಮತ್ತು ಕಾರವಾರಕ್ಕೆ 14 ಅಡಿಯ 2 ಐಷರ್ ಲಾರಿ. ನಿಮ್ಮಲ್ಲಿ 5 ಗಾಡಿ ಇರಲಿ, 50 ಇರಲಿ, ಹುಡುಕುವ ಕ್ರಮ ಇದೇ ಇರಲಿ ಅಂತ ನನ್ನ ಒತ್ತಾಯ. ಮೊದಲು ಲೆಕ್ಕ, ಆಮೇಲೆ ಅಳತೆ, ಆಮೇಲೆ ಗಾಡಿ, ಆಮೇಲೆ ದಾರಿ. ಮನುಷ್ಯನ ಮೇಲಿನ ಅನುಮಾನ ಕಟ್ಟಕಡೆಗೆ. ಈ ಕ್ರಮ ತಪ್ಪಿದರೆ ದೋಷವೂ ಸಿಗುವುದಿಲ್ಲ, ಒಳ್ಳೆಯ ಚಾಲಕರೂ ಉಳಿಯುವುದಿಲ್ಲ.

ಮೊದಲು ಬಿಲ್ ಬಿಡಿಸಿ ನೋಡಿ

ಡೀಸೆಲ್ ಖರ್ಚು ಅಂದರೆ ಮೂರು ಸಂಖ್ಯೆಗಳ ಆಟ. ಓಡಿದ ಕಿಲೋಮೀಟರನ್ನು ಆವರೇಜ್‌ನಿಂದ, ಅಂದರೆ ಒಂದು ಲೀಟರಿಗೆ ಓಡುವ ಕಿಲೋಮೀಟರಿನಿಂದ, ಭಾಗಿಸಿದರೆ ಲೀಟರ್ ಸಿಗುತ್ತದೆ. ಅದನ್ನು ದರದಿಂದ ಗುಣಿಸಿದರೆ ರೂಪಾಯಿ. ಮೂರರಲ್ಲಿ ಯಾವುದು ಬದಲಾಯಿತು ಅಂತ ಗೊತ್ತಾಗದೆ ಗ್ಯಾರೇಜಿಗೆ ಹೋಗಬೇಡಿ.

ನಮ್ಮ ಲೆಕ್ಕವನ್ನೇ ತೋರಿಸುತ್ತೇನೆ. ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಾಗಿಸಿದ್ದೇನೆ. ಮಾರ್ಚ್‌ನಲ್ಲಿ 11 ಗಾಡಿಗಳೂ ಸೇರಿ 24,000 ಕಿ.ಮೀ ಓಡಿದ್ದವು, 2,000 ಲೀಟರ್ ಹೋಗಿತ್ತು, ಲೀಟರಿಗೆ 88 ರೂಪಾಯಿ. ಬಿಲ್ 1,76,000. ಜುಲೈನಲ್ಲಿ 25,200 ಕಿ.ಮೀ, 2,250 ಲೀಟರ್, ದರ 90. ಬಿಲ್ 2,02,500. ಅಂದರೆ 26,500 ರೂಪಾಯಿ ಜಾಸ್ತಿ. ಮಾಲೀಕರ ಕಣ್ಣಿಗೆ ಬಿದ್ದದ್ದು ಈ ಕೊನೆಯ ಸಂಖ್ಯೆ ಮಾತ್ರ.

ಈಗ ಬಿಡಿಸೋಣ. ದರ 2 ರೂಪಾಯಿ ಏರಿತ್ತು. 2025ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತ್ತಲ್ಲ, ಅದರ ಪೆಟ್ಟು ಇದು. 2,250 ಲೀಟರಿಗೆ 4,500 ರೂಪಾಯಿ. ಇದಕ್ಕೆ ಯಾವ ಚಾಲಕನೂ ಹೊಣೆಯಲ್ಲ. ಡೀಸೆಲ್ ಜಿಎಸ್‌ಟಿ ಒಳಗೆ ಬಂದಿಲ್ಲವಾದ್ದರಿಂದ ಕಟ್ಟಿದ ತೆರಿಗೆಯನ್ನು ಬೇರೆ ಲೆಕ್ಕದಲ್ಲಿ ವಾಪಸ್ ಪಡೆಯುವ ದಾರಿಯೂ ಇಲ್ಲ.

ಎರಡನೆಯದು ಕಿಲೋಮೀಟರ್. 1,200 ಕಿ.ಮೀ ಜಾಸ್ತಿ ಓಡಿದ್ದೇವೆ. ಹಳೆಯ ಆವರೇಜ್ 12ರ ಪ್ರಕಾರ ಅದಕ್ಕೆ 100 ಲೀಟರ್, ಹಳೆಯ ದರದಲ್ಲಿ 8,800 ರೂಪಾಯಿ. ವ್ಯಾಪಾರ ಜಾಸ್ತಿಯಾಗಿದೆ, ಗಾಡಿ ಜಾಸ್ತಿ ಓಡಿದೆ. ಇದೂ ದೋಷವಲ್ಲ.

ಉಳಿದದ್ದು 150 ಲೀಟರ್, 13,200 ರೂಪಾಯಿ. ಆವರೇಜ್ 12ರಿಂದ 11.2ಕ್ಕೆ ಇಳಿದದ್ದರ ಬೆಲೆ ಇದು. ನಿಜವಾದ ಹುಡುಕಾಟ ಇದಕ್ಕೆ ಮಾತ್ರ. ನೋಡಿ, 26,500 ರೂಪಾಯಿಯ ಗಲಾಟೆ ಅರ್ಧಕ್ಕೆ ಇಳಿಯಿತು. ಇನ್ನೂ ಗಾಡಿಯ ಬಾನೆಟ್ ಎತ್ತಿಲ್ಲ!

ಇಲ್ಲೇ ಇನ್ನೊಂದು ಗುಂಡಿ ಇದೆ, ನಾನು ಬಿದ್ದದ್ದು ಅದರಲ್ಲೇ. ಎಲ್ಲ ಗಾಡಿಗಳನ್ನು ಒಟ್ಟಿಗೆ ಹಾಕಿ ತೆಗೆದ ಆವರೇಜ್ ಮೋಸ ಮಾಡುತ್ತದೆ. ನಮ್ಮ ಏಸ್ ಲೋಡ್ ಹೊತ್ತು 16 ಕೊಡುತ್ತದೆ, ಪಿಕಪ್ 12, ಐಷರ್ 7.4ರ ಆಸುಪಾಸು. ಜುಲೈನಲ್ಲಿ ಜಾಸ್ತಿ ಓಡಿದ ಆ 1,200 ಕಿಲೋಮೀಟರನ್ನು ಐಷರ್‌ಗಳೇ ಓಡಿದ್ದವು, ಕಾರವಾರದ ಹೊಸ ಆರ್ಡರ್‌ಗೆ. ಐಷರ್ ಲೆಕ್ಕದಲ್ಲಿ ಅದಕ್ಕೆ 162 ಲೀಟರ್ ಬೇಕು, 100 ಅಲ್ಲ. ಹಾಗಾಗಿ ಕಾಣೆಯಾದ 150ರಲ್ಲಿ 62 ಲೀಟರ್ ಕಾಣೆಯಾಗಿಯೇ ಇರಲಿಲ್ಲ. ದೊಡ್ಡ ಗಾಡಿ ಜಾಸ್ತಿ ಓಡಿದರೆ ಒಟ್ಟು ಆವರೇಜ್ ಇಳಿಯುವುದು ಸಹಜ. ಕೊನೆಗೆ ಉಳಿದದ್ದು 88 ಲೀಟರ್. ಗಾಡಿವಾರು ಲೆಕ್ಕ ಇಡದವರಿಗೆ ಈ ಮಾತು ಎಂದೂ ಗೊತ್ತಾಗುವುದಿಲ್ಲ.

ರಿಜಿಸ್ಟರ್‌ನಲ್ಲಿ ಆವರೇಜ್ ಜೊತೆಗೆ '100 ಕಿಲೋಮೀಟರಿಗೆ ಎಷ್ಟು ಲೀಟರ್' ಅಂತ ಇನ್ನೊಂದು ಕಾಲಂ ಹಾಕಿ. ಯಾಕೆ ಅಂದರೆ, ಏಸ್ ಒಂದು 16ರಿಂದ 18ಕ್ಕೆ ಏರಿದರೆ 2,000 ಕಿಲೋಮೀಟರಿಗೆ ಉಳಿಯುವುದು 14 ಲೀಟರ್. ಐಷರ್ 7ರಿಂದ 8ಕ್ಕೆ ಏರಿದರೆ ಅಷ್ಟೇ ದೂರಕ್ಕೆ 36 ಲೀಟರ್ ಉಳಿಯುತ್ತದೆ. ಕಾಗದದ ಮೇಲೆ ಏಸ್‌ನ ಸುಧಾರಣೆ ದೊಡ್ಡದಾಗಿ ಕಾಣುತ್ತದೆ, ದುಡ್ಡು ಇರುವುದು ಐಷರ್‌ನಲ್ಲಿ. ರಿಪೇರಿಗೆ ಯಾವ ಗಾಡಿ ಮೊದಲು ಅಂತ ತೀರ್ಮಾನಿಸುವಾಗ ಈ ಕಾಲಂ ನೋಡಿ.

ಅಳತೆ ಸರಿ ಇದೆಯಾ?

ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ, ಎರಡನೇ ಸಲ ಹಿಡಿದ ಲೀಟರ್‌ನಿಂದ ಕಿಲೋಮೀಟರನ್ನು ಭಾಗಿಸುವುದು. ಇದು ಎಲ್ಲರಿಗೂ ಗೊತ್ತು. ಆದರೆ 'ಫುಲ್' ಅನ್ನುವುದು ಎಲ್ಲಿಯವರೆಗೆ? ಬಂಕಿನ ಜಾಗ ಸ್ವಲ್ಪ ಇಳಿಜಾರಾಗಿದ್ದರೆ ಟ್ಯಾಂಕಿನಲ್ಲಿ ಗಾಳಿ ಒಂದು ಮೂಲೆಗೆ ಸೇರಿಕೊಂಡು ಒಂದೆರಡು ಲೀಟರ್ ಕಡಿಮೆ ಹಿಡಿಯುತ್ತದೆ. ಒಬ್ಬ ಹುಡುಗ ಗನ್ ಕಟ್ ಆದ ತಕ್ಷಣ ನಿಲ್ಲಿಸುತ್ತಾನೆ, ಇನ್ನೊಬ್ಬ ಬಾಯಿಯವರೆಗೆ ತುಂಬುತ್ತಾನೆ. 40 ಲೀಟರಿನ ಭರ್ತಿಯಲ್ಲಿ 2 ಲೀಟರ್ ಹೆಚ್ಚುಕಡಿಮೆ ಆದರೆ ಆವರೇಜ್ ಶೇ 5ರಷ್ಟು ಅಲ್ಲಾಡುತ್ತದೆ. ಇಷ್ಟಕ್ಕೇ ಚಾಲಕನಿಗೆ ಬೈಸಿಕೊಳ್ಳುವ ಯೋಗ!

ಆದ್ದರಿಂದ ಅದೇ ಬಂಕ್, ಅದೇ ಪಂಪ್, ಗಾಡಿ ಅದೇ ಮುಖವಾಗಿ ನಿಲ್ಲಬೇಕು, ಮೊದಲ ಕಟ್‌ಗೆ ನಿಲ್ಲಿಸಬೇಕು. ಒಂದು ಭರ್ತಿ ನೋಡಿ ತೀರ್ಪು ಕೊಡಬೇಡಿ. ಸತತ ಐದು ಭರ್ತಿಗಳ ಕಿಲೋಮೀಟರ್ ಕೂಡಿಸಿ, ಲೀಟರ್ ಕೂಡಿಸಿ, ಆಮೇಲೆ ಭಾಗಿಸಿ. ಆಗ ಅದೇ 2 ಲೀಟರಿನ ತಪ್ಪು 200 ಲೀಟರಿನಲ್ಲಿ ಹಂಚಿಹೋಗಿ ಶೇ 1ಕ್ಕೆ ಇಳಿಯುತ್ತದೆ.

ಕಿಲೋಮೀಟರ್ ಕೂಡ ಸುಳ್ಳು ಹೇಳಬಹುದು. ಟಯರ್ ಬದಲಿಸುವಾಗ ಅಳತೆ ಬೇರೆಯಾದರೆ ಮೀಟರ್ ಕಡಿಮೆ ಅಥವಾ ಜಾಸ್ತಿ ತೋರಿಸುತ್ತದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನೇ ಅಳತೆಗೋಲು ಮಾಡಿಕೊಳ್ಳಿ. ಒಂದು ಕಲ್ಲಿನ ಬಳಿ ರೀಡಿಂಗ್ ಬರೆದುಕೊಂಡು 20 ಕಲ್ಲು ದಾಟಿದ ಮೇಲೆ ಮತ್ತೆ ನೋಡಿ. ಮೀಟರ್ 19 ತೋರಿಸಿದರೆ ಆ ಗಾಡಿಯ ಆವರೇಜ್ ಕಾಗದದ ಮೇಲೆ ಮಾತ್ರ ಬಿದ್ದಿದೆ.

ಒಂದೇ ಗಾಡಿ ಜಾಸ್ತಿ ಕುಡಿಯುತ್ತಿದ್ದರೆ

ಗಾಡಿವಾರು ಲೆಕ್ಕ ತೆಗೆದಾಗ ನಮ್ಮಲ್ಲಿ ಎದ್ದು ಕಂಡದ್ದು 2018ರ ಒಂದು ಪಿಕಪ್. ತಿಂಗಳಿಗೆ 2,400 ಕಿ.ಮೀ ಓಡುತ್ತದೆ. 12 ಕೊಡುತ್ತಿದ್ದದ್ದು 9.8ಕ್ಕೆ ಬಿದ್ದಿತ್ತು. 200 ಲೀಟರ್ ಆಗಬೇಕಾದಲ್ಲಿ 245. ನಾನು ಬೈದಿದ್ದು ಇದೇ ಗಾಡಿಯ ಚಾಲಕರಿಗೆ. ನಮ್ಮಲ್ಲಿ ಎಲ್ಲರೂ ಅವರನ್ನು ಕಾಕಾ ಅಂತಾರೆ.

ಲೆಕ್ಕ ತೋರಿಸಿ ಸಮಾಧಾನವಾಗಿ ಕೇಳಿದಾಗ ಕಾಕಾ ಹೇಳಿದ್ದು ಇಷ್ಟು: "ಸಾಹೇಬ್ರ, ನಾ ಮೊದಲ ಹೇಳಿದ್ನೆಲ್ರಿ. ಗಾಡಿ ಬಿಗಿ ಹಿಡದಂಗ ಓಡಾಕತ್ತೈತಿ. ಇಳಿಜಾರಿನ್ಯಾಗ ಬಿಟ್ರೂ ತಾನಾಗೇ ಓಡವಲ್ದು. ಎಡಗಡಿ ಹಿಂದಿನ ಗಾಲಿ ಸುಟ್ಟ ವಾಸನಿ ಬರ್ತೈತಿ."

ಈ ಮೂರು ಮಾತಿನಲ್ಲಿ ಅರ್ಧ ರೋಗ ಪತ್ತೆಯಾಗಿತ್ತು. ಬ್ರೇಕ್ ಹಿಡಿದುಕೊಂಡಿತ್ತು. ಇದನ್ನು ನೋಡಲು ಸ್ಕ್ಯಾನರ್ ಬೇಡ. ಗಾಡಿಯನ್ನು 15–20 ಕಿ.ಮೀ ಓಡಿಸಿ. ಕೊನೆಗೆ ಬ್ರೇಕ್ ಜೋರಾಗಿ ಒತ್ತದೆ, ತಾನಾಗಿಯೇ ನಿಧಾನವಾಗಿ ನಿಲ್ಲುವ ಹಾಗೆ ಬಿಡಿ. ಇಳಿದು ನಾಲ್ಕೂ ಗಾಲಿಗಳ ನಡುವಿನ ಭಾಗಕ್ಕೆ ಅಂಗೈ ಹತ್ತಿರ ಒಯ್ಯಿರಿ. ಮುಟ್ಟಬೇಡಿ, ಸುಡುತ್ತದೆ. ಎಡ–ಬಲ ಹೋಲಿಸಿ. ನಮ್ಮ ಪಿಕಪ್‌ನ ಬಲಗಾಲಿ ಉಗುರು ಬೆಚ್ಚಗಿತ್ತು. ಎಡ ಹಿಂಗಾಲಿಯ ಡ್ರಮ್ ಮೇಲೆ ಕಾಕಾ ಬಾಟಲಿಯಿಂದ ನಾಲ್ಕು ಹನಿ ನೀರು ಹಾಕಿದರು. ಚುಂಯ್ ಅಂತ ಆವಿಯಾಗಿ ಹೋಯಿತು. ನಾನು ಸುಮ್ನೆ ನಿಂತು ನೋಡಿದೆ. ಎರಡು ತಿಂಗಳಿಂದ ನಾವು ಡೀಸೆಲ್ ಸುಟ್ಟು ಆ ಡ್ರಮ್ ಕಾಯಿಸುತ್ತಿದ್ದೆವು.

ಜಾಕ್ ಹಾಕಿ ಗಾಲಿ ಎತ್ತಿ ಕೈಯಿಂದ ತಿರುಗಿಸಿದಾಗ ಅರ್ಧ ಸುತ್ತಿಗೇ ನಿಂತಿತು. ಬಿಚ್ಚಿ ನೋಡಿದರೆ ಹ್ಯಾಂಡ್ ಬ್ರೇಕ್ ಕೇಬಲ್ ಒಳಗೆ ಮಳೆನೀರು ಇಳಿದು ತುಕ್ಕು ಹಿಡಿದಿತ್ತು. ಲಿವರ್ ಇಳಿಸಿದರೂ ಕೇಬಲ್ ಪೂರ್ತಿ ವಾಪಸ್ ಹೋಗುತ್ತಿರಲಿಲ್ಲ, ಲೈನರ್ ಡ್ರಮ್‌ಗೆ ಉಜ್ಜುತ್ತಲೇ ಇತ್ತು. ಮಳೆಗಾಲದಲ್ಲಿ ರಾತ್ರಿಯೆಲ್ಲ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸುವ ಗಾಡಿಗಳಲ್ಲಿ ಇದು ಸಾಮಾನ್ಯ. ಚಿಕ್ಕ ಗಾಡಿಯಾದರೆ ಇನ್ನೂ ಸುಲಭದ ಪರೀಕ್ಷೆ ಇದೆ. ಸಮತಟ್ಟಾದ ಜಾಗ, ಖಾಲಿ ಗಾಡಿ, ನ್ಯೂಟ್ರಲ್, ಒಳಗೆ ಒಬ್ಬರು ಕೂತಿರಲಿ, ಹಿಂದಿನಿಂದ ಇಬ್ಬರು ತಳ್ಳಿ. ಖಾಲಿ ಏಸ್ ಹಗುರವಾಗಿ ಉರುಳಬೇಕು. ದಮ್ಮು ಕಟ್ಟಿ ತಳ್ಳಬೇಕಾಗಿ ಬಂದರೆ ಎಲ್ಲೋ ಹಿಡಿದಿದೆ ಅಂತ ಅರ್ಥ.

ಬ್ರೇಕ್ ಸರಿ ಮಾಡಿಸಿದ ಮೇಲೆ ಆವರೇಜ್ 10.9ಕ್ಕೆ ಬಂತು. 12 ಆಗಲಿಲ್ಲ. ಇಲ್ಲಿ ಬಹಳ ಜನ ಕೈಬಿಡುತ್ತಾರೆ. ಒಂದು ದೋಷ ಸಿಕ್ಕಿತಲ್ಲ, ಸಾಕು ಅಂತ. ಒಂದೇ ಗಾಡಿಯಲ್ಲಿ ಎರಡು ದೋಷ ಇರುವುದು ಅಪರೂಪವೇನಲ್ಲ.

ಎರಡನೆಯದನ್ನು ಡ್ಯಾಶ್‌ಬೋರ್ಡೇ ತೋರಿಸುತ್ತಿತ್ತು. ಬೆಳಿಗ್ಗೆ ಹೊರಟು ಧಾರವಾಡ ತಲುಪಿದರೂ ಟೆಂಪರೇಚರ್ ಮುಳ್ಳು ಕೆಳಗೇ ಮಲಗಿರುತ್ತಿತ್ತು. ಎಂಜಿನ್ ಬಿಸಿಯಾಗದಿರುವುದು ಒಳ್ಳೆಯದು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅಲ್ಲ. ತಣ್ಣಗಿರುವ ಎಂಜಿನ್‌ನಲ್ಲಿ ಆಯಿಲ್ ದಪ್ಪಗಿದ್ದು ತಿರುಗಲು ಬಿಗಿಯಾಗುತ್ತದೆ, ಡೀಸೆಲ್ ಸರಿಯಾಗಿ ಉರಿಯುವುದಿಲ್ಲ, ಕಂಪ್ಯೂಟರ್ ಇರುವ ಗಾಡಿಯಾದರೆ 'ಇನ್ನೂ ಬಿಸಿಯಾಗಿಲ್ಲ' ಅಂತ ತಿಳಿದು ಡೀಸೆಲ್ ಜಾಸ್ತಿ ಬಿಡುತ್ತದೆ. ಇದನ್ನು ತಡೆಯಲೆಂದೇ ಥರ್ಮೋಸ್ಟಾಟ್ ವಾಲ್ವ್ ಇರುವುದು. ನೀರು ಸುಮಾರು 80 ಡಿಗ್ರಿ ದಾಟುವವರೆಗೆ ಅದನ್ನು ರೇಡಿಯೇಟರ್‌ಗೆ ಬಿಡದೆ ಎಂಜಿನ್ ಒಳಗೇ ತಿರುಗಿಸುತ್ತದೆ.

ಪರೀಕ್ಷೆ ಹೀಗೆ. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ, ರೇಡಿಯೇಟರ್‌ನ ಮೇಲಿನ ಹೋಸ್ ಪೈಪನ್ನು ಆಗಾಗ ಮುಟ್ಟಿ ನೋಡಿ. ಫ್ಯಾನ್‌ನಿಂದ ಕೈ ದೂರವಿರಲಿ. ವಾಲ್ವ್ ಚೆನ್ನಾಗಿದ್ದರೆ ಪೈಪ್ ಬಹಳ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಗೇ ಬಿಸಿಯಾಗುತ್ತದೆ. ಮೊದಲಿನಿಂದಲೇ ಸ್ವಲ್ಪ ಸ್ವಲ್ಪ ಬೆಚ್ಚಗಾಗುತ್ತಾ ಹೋದರೆ ವಾಲ್ವ್ ತೆರೆದೇ ನಿಂತಿದೆ, ಇಲ್ಲವೇ ಅಲ್ಲಿ ವಾಲ್ವೇ ಇಲ್ಲ.

ನಮ್ಮದರಲ್ಲಿ ವಾಲ್ವೇ ಇರಲಿಲ್ಲ. ಏಪ್ರಿಲ್‌ನಲ್ಲಿ ಅಂಕೋಲಾದಿಂದ ಲೋಡ್ ಹೊತ್ತು ವಾಪಸ್ ಬರುವಾಗ ಅರಬೈಲ್ ಘಟ್ಟ ಹತ್ತುತ್ತಾ ಎಂಜಿನ್ ಕಾದಿತ್ತು. ದಾರಿಯಲ್ಲಿ ಒಬ್ಬ ಮೇಸ್ತ್ರಿ ವಾಲ್ವ್ ಕಿತ್ತು ತೆಗೆದು ಗಾಡಿ ಓಡುವ ಹಾಗೆ ಮಾಡಿಕೊಟ್ಟಿದ್ದ. ಆ ಹೊತ್ತಿಗೆ ಅದು ಸರಿಯೇ, ಗಾಡಿ ಊರು ಮುಟ್ಟಬೇಕಲ್ಲ. ಆದರೆ ಊರಿಗೆ ಬಂದ ಮೇಲೆ ಹೊಸದು ಹಾಕಿಸಬೇಕು ಅಂತ ಯಾರೂ ಬರೆದಿಡಲಿಲ್ಲ. ಬಿಸಿಲಿನಲ್ಲಿ ಅಷ್ಟಾಗಿ ಗೊತ್ತಾಗಲಿಲ್ಲ. ಮಳೆ ಹಿಡಿದ ಮೇಲೆ ಬಯಲಾಯಿತು. ವಾಲ್ವ್, ಕೇಬಲ್, ಲೈನರ್, ಕೂಲಿ ಎಲ್ಲ ಸೇರಿ ಆದ ಖರ್ಚು ಆ ಗಾಡಿ ಒಂದು ತಿಂಗಳಲ್ಲಿ ಜಾಸ್ತಿ ಕುಡಿದ ಡೀಸೆಲ್‌ಗಿಂತ ಕಡಿಮೆ. ಮುಂದಿನ ಐದು ಭರ್ತಿಗಳಲ್ಲಿ ಆವರೇಜ್ 11.8.

ಒಂದೇ ಗಾಡಿಯ ದೋಷಕ್ಕೆ ನೋಡಬೇಕಾದ ಇನ್ನೂ ಕೆಲವು ಇವೆ. ಏರ್ ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ನಮ್ಮ ಕಡೆಯ ಕೆಂಪು, ಕಪ್ಪು ಮಣ್ಣಿನ ದಾರಿಗಳಲ್ಲಿ ಕಂಪನಿ ಹೇಳಿದ ಕಿಲೋಮೀಟರ್‌ಗಿಂತ ಮೊದಲೇ ತುಂಬಿಕೊಳ್ಳುತ್ತದೆ. ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿ ಬೆಳಿಗ್ಗೆ ಕಲೆ ಇದೆಯಾ ನೋಡಿ. ಡೀಸೆಲ್ ಪೈಪಿನ ಸಣ್ಣ ಸೋರಿಕೆ ಓಡುವಾಗ ಕಾಣುವುದಿಲ್ಲ. ಏರಿನಲ್ಲಿ ಎಂಜಿನ್ ಸದ್ದು ಏರುತ್ತಿದ್ದರೂ ಗಾಡಿ ಏರದಿದ್ದರೆ ಕ್ಲಚ್ ಜಾರುತ್ತಿದೆ. ಟಯರ್ ಮೇಲೆ ಅಡ್ಡಲಾಗಿ ಕೈ ಆಡಿಸಿದಾಗ ಒಂದು ಕಡೆಗೆ ನುಣುಪು, ವಾಪಸ್ ಬರುವಾಗ ಗರಗಸದ ಹಾಗೆ ಚೂಪು ಅನ್ನಿಸಿದರೆ ಅಲೈನ್‌ಮೆಂಟ್ ಹೋಗಿದೆ.

ಹೊಗೆ ನೋಡಿ ರೋಗ ಹೇಳುವ ವಿದ್ಯೆ ಹಳೆಯ ಗಾಡಿಗಳಿಗೆ ಈಗಲೂ ಸರಿ. ಕಪ್ಪು ಹೊಗೆಯಾದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಜಾಸ್ತಿ, ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಎಂಜಿನ್ ಬಿಸಿಯಾದ ಮೇಲೂ ಬಿಳಿ ಬಂದರೆ ಡೀಸೆಲ್ ಚಿಮ್ಮಿಸುವ ನೋಝಲ್ ಅಥವಾ ಎಂಜಿನ್ ತಣಿಸುವ ಕೂಲೆಂಟ್ ಕಡೆ ನೋಡಿ. ಆದರೆ 2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆ ಮಾಲಿನ್ಯದ ಹೊಸ ಮಾನದಂಡ) ಡೀಸೆಲ್ ಗಾಡಿಗಳಲ್ಲಿ ಇದನ್ನು ನಂಬಬೇಡಿ. ಸೈಲೆನ್ಸರ್ ದಾರಿಯಲ್ಲಿರುವ ಡಿಪಿಎಫ್ ಫಿಲ್ಟರ್ ಮಸಿಯನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ, ನೋಝಲ್ ಕೆಟ್ಟಿದ್ದರೂ ಹೊಗೆ ಕಾಣುವುದಿಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಮಸಿ ಸುಡುವ ರೀಜನರೇಶನ್ ಎಷ್ಟು ದಿನಕ್ಕೊಮ್ಮೆ ಆಗುತ್ತಿದೆ? ಮಸಿ ಸುಡಲು ಗಾಡಿ ಹೆಚ್ಚುವರಿ ಡೀಸೆಲ್ ಬಳಸುತ್ತದೆ. ಅರ್ಧಕ್ಕೆ ಆಫ್ ಮಾಡಿದರೆ ಮತ್ತೆ ಮೊದಲಿನಿಂದ. ಊರೊಳಗೆ ಅಂಗಡಿಯಿಂದ ಅಂಗಡಿಗೆ ನಿಂತು ನಿಂತು ಓಡುವ ಗಾಡಿಗಳು ಇದರಲ್ಲಿ ಸಿಕ್ಕಿಬೀಳುತ್ತವೆ. ಅಂಥ ಗಾಡಿಯನ್ನು ವಾರಕ್ಕೊಮ್ಮೆ ಹೆದ್ದಾರಿಯ ಟ್ರಿಪ್‌ಗೆ ಹಾಕಿ. ಆಯಿಲ್ ಕಡ್ಡಿ ಎಳೆದು ನೋಡಿದಾಗ ಮಟ್ಟ ಇಳಿಯುವ ಬದಲು ಏರಿದ್ದರೆ ಡೀಸೆಲ್ ಆಯಿಲ್‌ಗೆ ಸೇರುತ್ತಿದೆ, ತಡಮಾಡದೆ ಸರ್ವಿಸ್ ಸೆಂಟರ್‌ಗೆ ಕಳಿಸಿ.

ಎಲ್ಲ ಗಾಡಿಗಳೂ ಸ್ವಲ್ಪ ಸ್ವಲ್ಪ ಬಿದ್ದಿದ್ದರೆ

ಆಗ ದೋಷ ಗಾಡಿಗಳಲ್ಲಿ ಇರುವುದಿಲ್ಲ. ಎಲ್ಲ ಗಾಡಿಗಳಿಗೂ ಸಮಾನವಾದದ್ದನ್ನು ಹುಡುಕಿ. ದಾರಿ, ಗೇಟು, ಲೋಡ್, ಮಳೆ, ಟಯರ್ ಹವಾ.

88 ಲೀಟರಿನಲ್ಲಿ 45 ಪಿಕಪ್‌ನದಾಯಿತು. ಉಳಿದ 43 ಲೀಟರ್ ಆರೂ ಏಸ್‌ಗಳಲ್ಲಿ ಹಂಚಿಹೋಗಿತ್ತು. ಒಂದೊಂದು ಗಾಡಿಗೆ ಏಳು ಲೀಟರ್ ಅಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಜೂನ್‌ನಲ್ಲಿ ನಮ್ಮ ಗೋದಾಮು ಬದಲಾಗಿತ್ತು. ಹೊಸ ಜಾಗದಲ್ಲಿ ಒಂದೇ ಗೇಟು, ಬೆಳಿಗ್ಗೆ ಎಲ್ಲ ಏಸ್‌ಗಳೂ ಒಟ್ಟಿಗೆ ಬಂದು ಸಾಲು ನಿಲ್ಲುತ್ತಿದ್ದವು. ಸಾಲು ಮುಂದೆ ಸರಿಯುತ್ತಲೇ ಇರುತ್ತದೆ ಅಂತ ಯಾರೂ ಎಂಜಿನ್ ಆಫ್ ಮಾಡುತ್ತಿರಲಿಲ್ಲ. ನಾನು ಒಂದು ದಿನ ಬೆಳಿಗ್ಗೆ ಏಳಕ್ಕೇ ಹೋಗಿ ಗೇಟಿನ ಬಳಿ ಕೂತು ಗಡಿಯಾರ ನೋಡಿದೆ. ಒಂದು ಗಾಡಿಗೆ ಸರಾಸರಿ 40 ನಿಮಿಷ. ಸುಮ್ಮನೆ ನಿಂತು ಓಡುವ ಏಸ್ ಎಂಜಿನ್ ಗಂಟೆಗೆ ಅರ್ಧ ಲೀಟರಿಗಿಂತ ಸ್ವಲ್ಪ ಕಡಿಮೆ ಕುಡಿಯುತ್ತದೆ ಅಂತ ನಮ್ಮ ಲೆಕ್ಕ. 40 ನಿಮಿಷ, 26 ದಿನ, 6 ಗಾಡಿ. ಗುಣಿಸಿ ನೋಡಿ, 43 ಲೀಟರಿನ ಹತ್ತಿರಕ್ಕೇ ಬರುತ್ತದೆ.

ಪರಿಹಾರಕ್ಕೆ ಒಂದು ರೂಪಾಯಿಯೂ ಬೀಳಲಿಲ್ಲ. ಎರಡೆರಡು ಗಾಡಿಗೆ 20 ನಿಮಿಷದ ಅಂತರದಲ್ಲಿ ಸಮಯ ಕೊಟ್ಟೆವು, ವಾಟ್ಸ್‌ಆ್ಯಪ್‌ನಲ್ಲಿ ಹಿಂದಿನ ರಾತ್ರಿಯೇ ಪಟ್ಟಿ. ಚಾಲಕರಿಗೂ ಖುಷಿ, ಮನೆಯಲ್ಲಿ ತಿಂಡಿ ತಿಂದು ಬರಲು ಪುರುಸೊತ್ತಾಯಿತು.

ಹವಾ ವಿಷಯದಲ್ಲಿ ನನ್ನದು ಸ್ವಲ್ಪ ಹಠ. ಹವಾ ಕಡಿಮೆಯಾದರೆ ಟಯರ್ ಚಪ್ಪಟೆಯಾಗಿ ಉರುಳಲು ಜಾಸ್ತಿ ಶಕ್ತಿ ಬೇಡುತ್ತದೆ, ಟಯರೂ ಬೇಗ ಸವೆಯುತ್ತದೆ. ಬೆಳಿಗ್ಗೆ ಗಾಡಿ ಹೊರಡುವ ಮೊದಲು ನೋಡಬೇಕು. ಓಡಿ ಬಿಸಿಯಾದ ಟಯರ್ ಜಾಸ್ತಿ ತೋರಿಸಿ ಮೋಸ ಮಾಡುತ್ತದೆ. ಪಂಚರ್ ಅಂಗಡಿಯ ಗೇಜ್ ಒಂದೊಂದು ಕಡೆ ಒಂದೊಂದು ಹೇಳುತ್ತದೆ, ಆದ್ದರಿಂದ ಕಂಪನಿಯದೇ ಒಂದು ಒಳ್ಳೆಯ ಗೇಜ್ ಇಟ್ಟುಕೊಳ್ಳಿ. ಐಷರ್‌ನಂಥ ಗಾಡಿಯಲ್ಲಿ ಹಿಂದಿನ ಜೋಡಿ ಟಯರ್‌ಗಳ ಪೈಕಿ ಒಳಗಿನದರ ವಾಲ್ವ್‌ಗೆ ಕೈ ಎಟಕುವುದು ಕಷ್ಟ. ಹಾಗಾಗಿ ಎಲ್ಲರೂ ಹೊರಗಿನದನ್ನು ಮಾತ್ರ ನೋಡಿ 'ಓಕೆ' ಅಂತಾರೆ. ನಮ್ಮ ಎರಡೂ ಐಷರ್‌ಗಳಲ್ಲಿ ಒಳ ಟಯರ್‌ಗಳು ಬಹಳ ಇಳಿದಿದ್ದವು. ವಾಲ್ವ್‌ಗೆ ಉದ್ದನೆಯ ಎಕ್ಸ್‌ಟೆನ್ಶನ್ ಹಾಕಿಸಿದ ಮೇಲೆ ಆ ನೆಪ ತಪ್ಪಿತು.

ಓಡಿಸುವ ರೀತಿಯ ಬಗ್ಗೆ ಹೇಳಬೇಕಾದದ್ದು ಎರಡೇ. ವೇಗ ಏರಿದಂತೆ ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. ಎತ್ತರದ ಡಬ್ಬದಂಥ ಗಾಡಿಯನ್ನು 60ರ ಬದಲು 80ರಲ್ಲಿ ಓಡಿಸಿದರೆ ಗಾಳಿಯ ತಡೆ ಸುಮಾರು ಮುಕ್ಕಾಲು ಪಾಲು ಜಾಸ್ತಿ. ಬೆಳಗಾವಿ ದಾರಿಯಲ್ಲಿ ಇದರಿಂದ ಉಳಿಯುವ ಸಮಯ ಅರ್ಧ ಗಂಟೆಯೂ ಇಲ್ಲ. ಎರಡನೆಯದು ಘಟ್ಟ ಇಳಿಯುವಾಗ ನ್ಯೂಟ್ರಲ್ ಹಾಕುವ ಅಭ್ಯಾಸ. ಡೀಸೆಲ್ ಉಳಿಯುತ್ತದೆ ಅಂತ ಬಹಳ ಹಳೆಯ ನಂಬಿಕೆ. ಈಗಿನ ಕಾಮನ್ ರೈಲ್ ಗಾಡಿಗಳಲ್ಲಿ, ಅಂದರೆ ಡೀಸೆಲ್ ಬಿಡುವುದನ್ನು ಕಂಪ್ಯೂಟರ್ ನೋಡಿಕೊಳ್ಳುವ ಗಾಡಿಗಳಲ್ಲಿ, ಅದು ಉಲ್ಟಾ. ಗೇರ್‌ನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್‌ಗೆ ಡೀಸೆಲ್ ಪೂರ್ತಿ ನಿಲ್ಲುತ್ತದೆ, ಗಾಲಿಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ತಾನಾಗಿ ಓಡಲು ಡೀಸೆಲ್ ಬೇಕು. ಅದಕ್ಕಿಂತ ಮುಖ್ಯವಾಗಿ ಎಂಜಿನ್ ಹಿಡಿತ ತಪ್ಪಿ ಎಲ್ಲ ಭಾರ ಬ್ರೇಕ್ ಮೇಲೆ ಬೀಳುತ್ತದೆ. ಅರಬೈಲ್‌ನಲ್ಲಿ ಲೋಡ್ ಗಾಡಿಯ ಬ್ರೇಕ್ ಕಾದು ಹಿಡಿಯದೆ ಹೋದರೆ ಏನಾಗುತ್ತದೆ ಅಂತ ಆ ದಾರಿಯಲ್ಲಿ ಓಡಾಡುವ ಯಾರನ್ನಾದರೂ ಕೇಳಿ. ಈ ಒಂದು ವಿಷಯದಲ್ಲಿ ನಮ್ಮಲ್ಲಿ ರಿಯಾಯಿತಿ ಇಲ್ಲ.

ಲೋಡ್ ಜಾಸ್ತಿ ಹಾಕಿ ಟ್ರಿಪ್ ಉಳಿಸುವ ಯೋಚನೆ ಬರುತ್ತದೆ. ಬೇಡ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಓವರ್‌ಲೋಡ್‌ಗೆ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್‌ಗೆ 2,000. ಒಂದು ಸಲ ಸಿಕ್ಕಿಬಿದ್ದರೆ ವರ್ಷದ ಉಳಿತಾಯ ಹೋಯಿತು.

ಬಂಕ್ ಮೇಲೆ ಅನುಮಾನವಿದ್ದರೆ

ಇದನ್ನು ಹತ್ತು ನಿಮಿಷದಲ್ಲಿ ಮುಗಿಸಬಹುದು. ಬಂಕಿನಲ್ಲಿ ಕಾನೂನು ಮಾಪನ ಇಲಾಖೆಯ ಮುದ್ರೆ ಇರುವ 5 ಲೀಟರಿನ ಅಳತೆ ಪಾತ್ರೆ ಇರಲೇಬೇಕು. ಅಳೆದು ತೋರಿಸಿ ಅಂತ ಯಾವ ಗ್ರಾಹಕರಾದರೂ ಕೇಳಬಹುದು. 5 ಲೀಟರಿಗೆ 25 ಮಿಲಿಲೀಟರ್ ಆಚೀಚೆ ಇರಲು ಅವಕಾಶವಿದೆ, ಅಂದರೆ ಶೇ 0.5. ಅಷ್ಟರೊಳಗಿದ್ದರೆ ನಿಮ್ಮ ಶೇ 10ರ ನಷ್ಟಕ್ಕೆ ಕಾರಣ ಬೇರೆ ಎಲ್ಲೋ ಇದೆ. ತಣ್ಣನೆಯ ಹೊತ್ತಿನಲ್ಲಿ ಹಾಕಿಸಿದರೆ ಜಾಸ್ತಿ ಬರುತ್ತದೆ ಅನ್ನುವ ಮಾತಿಗೂ ತಲೆ ಕೆಡಿಸಿಕೊಳ್ಳಬೇಡಿ. 10 ಡಿಗ್ರಿ ವ್ಯತ್ಯಾಸಕ್ಕೆ ಡೀಸೆಲ್ ಹಿಗ್ಗುವುದು ಶೇ 0.8ರಷ್ಟು ಮಾತ್ರ. ನೆಲದೊಳಗಿನ ಟ್ಯಾಂಕ್ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಅಷ್ಟೊಂದು ಬಿಸಿಯಾಗುವುದೇ ಇಲ್ಲ.

ಡೀಸೆಲ್ ಪೈಪಿಗೆ ಕಟ್ಟುವ ಮ್ಯಾಗ್ನೆಟ್, ಟ್ಯಾಂಕಿಗೆ ಹಾಕುವ ಮಾತ್ರೆ ಮಾರುವವರು ಇದೇ ಹೊತ್ತಿಗೆ ಬರುತ್ತಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ 100ಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ, ಮೈಲೇಜನ್ನು ಗಮನಕ್ಕೆ ಬರುವಷ್ಟು ಹೆಚ್ಚಿಸಿದ್ದು ಒಂದೂ ಸಿಗಲಿಲ್ಲ. ಆ ದುಡ್ಡಿಗೆ ಒಳ್ಳೆಯ ಹವಾ ಗೇಜ್ ಬರುತ್ತದೆ.

ಕೊನೆಗೆ, ಕಳವು

ಡೀಸೆಲ್ ಕಳವು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. ಆದರೆ ಅದರ ಗುರುತು ಬೇರೆ. ಗಾಡಿಯ ದೋಷ ನಿಧಾನವಾಗಿ ಬೆಳೆಯುತ್ತದೆ, ಘಟ್ಟದಲ್ಲಿ ಜಾಸ್ತಿ, ಬಯಲಲ್ಲಿ ಕಡಿಮೆ ಅಂತ ದಾರಿಗೆ ತಕ್ಕಂತೆ ಬದಲಾಗುತ್ತದೆ. ಕಳವಾದರೆ ಲೀಟರ್ ಒಮ್ಮೆಗೇ ಹಾರುತ್ತದೆ. ಟ್ಯಾಂಕ್ ಹಿಡಿಯುವುದಕ್ಕಿಂತ ಜಾಸ್ತಿ ಲೀಟರಿನ ಬಿಲ್, ಹಿಂದಿನ ಭರ್ತಿಯಾಗಿ 50 ಕಿ.ಮೀ ಕೂಡ ಓಡದೆ ಮತ್ತೊಂದು ದೊಡ್ಡ ಭರ್ತಿ, ಯಾವಾಗಲೂ ದುಂಡು ರೂಪಾಯಿಯ ಕೈಬರಹದ ಬಿಲ್, ಚಾಲಕ ಬದಲಾದ ವಾರವೇ ಆವರೇಜ್ ಬದಲಾಗುವುದು. ಇಂಥವು ಎರಡು–ಮೂರು ಒಟ್ಟಿಗೆ ಕಂಡರೆ ಮಾತ್ರ ಮುಂದುವರಿಯಿರಿ.

ಕಳವು ಅಂದ ತಕ್ಷಣ ಚಾಲಕನೇ ಅಂದುಕೊಳ್ಳುವುದೂ ತಪ್ಪು. ನಮ್ಮ ಐಷರ್ ಒಂದರಲ್ಲಿ ಒಂದು ರಾತ್ರಿ ಸುಮಾರು 30 ಲೀಟರ್ ಹೋಯಿತು. ಹೆದ್ದಾರಿಯ ಪಕ್ಕ ನಿಲ್ಲಿಸಿ ಚಾಲಕ, ಕ್ಲೀನರ್ ಇಬ್ಬರೂ ಒಳಗೆ ಮಲಗಿದ್ದಾಗ ಯಾರೋ ಪೈಪ್ ಹಾಕಿ ಎಳೆದಿದ್ದರು. ಮುಚ್ಚಳಕ್ಕೆ ಬೀಗ, ಟ್ಯಾಂಕ್ ಬಾಯಿಗೆ ಒಳಜಾಲರಿ, ಬೆಳಕಿರುವ ಕಡೆ ಮಾತ್ರ ರಾತ್ರಿ ನಿಲ್ಲಿಸುವುದು. ಆ ಮೇಲೆ ಮತ್ತೆ ಆಗಿಲ್ಲ.

ನಗದು ಕೊಟ್ಟು ಬಿಲ್ ತರಿಸುವ ಪದ್ಧತಿಯನ್ನು ಮೊದಲು ನಿಲ್ಲಿಸಿ. ಇಂಡಿಯನ್ ಆಯಿಲ್‌ನ ಎಕ್ಸ್‌ಟ್ರಾಪವರ್, ಭಾರತ್ ಪೆಟ್ರೋಲಿಯಂನ ಸ್ಮಾರ್ಟ್‌ಫ್ಲೀಟ್, ಹಿಂದೂಸ್ತಾನ್ ಪೆಟ್ರೋಲಿಯಂನ ಡ್ರೈವ್‌ಟ್ರ್ಯಾಕ್ ಪ್ಲಸ್, ಯಾವುದಾದರೂ ಒಂದು ಕಾರ್ಡ್ ತೆಗೆದುಕೊಳ್ಳಿ. ಯಾವ ಗಾಡಿಗೆ, ಯಾವಾಗ, ಎಲ್ಲಿ, ಎಷ್ಟು ಅಂತ ಲೆಕ್ಕ ತಾನಾಗಿ ಕೂರುತ್ತದೆ. ಇದು ಚಾಲಕರಿಗೇ ದೊಡ್ಡ ರಕ್ಷಣೆ, ಯಾರೂ ಬಾಯಿಮಾತಿಗೆ ಬೆರಳು ತೋರಿಸಲಾಗುವುದಿಲ್ಲ. ಜೊತೆಗೆ ನೀವು ಕೊಡುತ್ತಿರುವ ಬಾಟಾ (ಚಾಲಕರ ದಿನದ ಊಟ-ತಿಂಡಿ ಭತ್ಯೆ) ಎಷ್ಟು ಅಂತ ಒಮ್ಮೆ ನೋಡಿಕೊಳ್ಳಿ. ಕಾರವಾರಕ್ಕೆ ಹೋಗಿ ರಾತ್ರಿ ತಂಗಿ ಬರುವವರಿಗೆ ಎರಡು ಊಟಕ್ಕೂ ಸಾಲದಷ್ಟು ಬಾಟಾ ಕೊಟ್ಟರೆ ಆ ಕೊರತೆ ಎಲ್ಲಿಂದಲೋ ತುಂಬಿಕೊಳ್ಳುತ್ತದೆ. ನಮ್ಮಲ್ಲಿ ಬಾಟಾ ಏರಿಸಿದೆವು. ಉಳಿತಾಯವಾದ ಡೀಸೆಲ್‌ನಲ್ಲಿ ಕಾಲು ಪಾಲನ್ನು ಆಯಾ ಗಾಡಿಯ ಚಾಲಕರಿಗೇ ಕೊಡಲು ಮಾಲೀಕರು ಒಪ್ಪಿದ್ದಾರೆ.

ರಿಪೇರಿ ಆದ ಮೇಲೆ

ಗ್ಯಾರೇಜಿನಿಂದ ಬಂದ ಗಾಡಿಯನ್ನು 'ಸರಿಯಾಯಿತು' ಅಂತ ಬರೆಯುವ ಮುಂಚೆ ಐದು ಭರ್ತಿಗಳ ಲೆಕ್ಕ ಬರಲಿ. ಒಂದು ಸಲಕ್ಕೆ ಒಂದೇ ರಿಪೇರಿ ಮಾಡಿಸಿ. ಒಟ್ಟಿಗೆ ನಾಲ್ಕು ಮಾಡಿಸಿದರೆ ಯಾವುದರಿಂದ ಗುಣವಾಯಿತು ಅಂತ ಗೊತ್ತಾಗುವುದಿಲ್ಲ. ಬ್ರೇಕ್‌ನಂಥ ಸುರಕ್ಷತೆಯ ಕೆಲಸಕ್ಕೆ ಈ ಮಾತು ಅನ್ವಯಿಸುವುದಿಲ್ಲ, ಅದನ್ನು ಕಂಡ ಕೂಡಲೇ ಮಾಡಿಸಿ. ದಾರಿಯಲ್ಲಿ ತಾತ್ಕಾಲಿಕವಾಗಿ ಏನಾದರೂ ಕಿತ್ತಿದ್ದರೆ ಅದೇ ದಿನ ರಿಜಿಸ್ಟರ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ.

ಟ್ರಿಪ್ ಶೀಟ್‌ನಲ್ಲಿ ಈಗ ಒಂದು ಹೊಸ ಕಾಲಂ ಇದೆ: 'ಗಾಡಿ ಹೇಗೆ ಓಡಿತು?' ಚಾಲಕರು ತಮ್ಮ ಮಾತಿನಲ್ಲೇ ಬರೆಯುತ್ತಾರೆ, ಬರೆಯಲು ಬೇಸರವಾದರೆ ಹೇಳುತ್ತಾರೆ, ನಾನೇ ಬರೆದುಕೊಳ್ಳುತ್ತೇನೆ. ಪ್ರತಿ ಶನಿವಾರ ಅದನ್ನು ಓದುವುದು ನನ್ನ ಕೆಲಸ. ಕಾಕಾ ಅವರ ಹತ್ತಿರ ಎಲ್ಲರ ಎದುರಿಗೇ ಕ್ಷಮೆ ಕೇಳಿದೆ. "ಇರ್ಲಿ ಬಿಡ್ರಿ ಸಾಹೇಬ್ರ" ಅಂದರು. ಕಳೆದ ಶನಿವಾರದ ಹಾಳೆಯಲ್ಲಿ ಅವರು ಎರಡನೇ ಐಷರ್ ಬಗ್ಗೆ ಬರೆಸಿದ್ದಾರೆ, ತಿರುವಿನಲ್ಲಿ ಸ್ಟೇರಿಂಗ್ ವಾಪಸ್ ಬರಲು ತಡವಾಗುತ್ತಿದೆಯಂತೆ. ಸೋಮವಾರ ಬೆಳಿಗ್ಗೆ ಅದರ ಮುಂದಿನ ಗಾಲಿ ಎತ್ತಿ ನೋಡಬೇಕು.